ಕೋಳಿ ಮೊದಲೋ, ಮೊಟ್ಟೆ ಮೊದಲೋ?

ಕಳೆದ ವರ್ಷ ಸುಗ್ಗಿ ಮುಗಿದ ಮೇಲೆ ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಹಿತ್ತಲ ಕೋಳಿ ಸಾಕಣೆಯ ಬಗ್ಗೆ ಒಂದು ದಿನದ ತರಬೇತಿ ಏರ್ಪಾಡಾಗಿತ್ತು. ಶಾಲೆಯ ಜಗಲಿಯ ಮೇಲೆ ಮೂವತ್ತು ಮೂವತ್ತೈದು ಮಂದಿ ಸೇರಿದ್ದರು. ಅವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಕಾವಿಗೆ ಇಡುವ ಕ್ರಮವನ್ನು ವಿವರಿಸಲೆಂದು ನಾನು ಒಂದು ಮೊಟ್ಟೆಯನ್ನು ಕೈಗೆತ್ತಿಕೊಂಡಾಗ, ಕಂಬಕ್ಕೆ ಒರಗಿ ಕುಳಿತಿದ್ದ ಹಿರಿಯರೊಬ್ಬರು, "ಅದಿರ್ಲಿ ಸ್ವಾಮಿ, ಕೋಳಿ ಮೊದಲೋ ಮೊಟ್ಟೆ ಮೊದಲೋ, ಅದನ್ನ ಮೊದಲು ಹೇಳಿ. ಆಮೇಲೆ ಮಿಕ್ಕಿದ್ದು" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕು ಪಾಠವನ್ನು ಮುಂದುವರಿಸಿದೆ.

ಊಟದ ಹೊತ್ತಿನಲ್ಲಿ ಒಬ್ಬ ತಾಯಿ ಬಂದು ಇನ್ನೊಂದು ಪ್ರಶ್ನೆ ಕೇಳಿದರು. ಅವರು ಮೂರು ವರ್ಷದ ಹಿಂದೆ ಇಪ್ಪತ್ತು ಗಿರಿರಾಜ ಮರಿಗಳನ್ನು ತಂದು ಸಾಕಿದ್ದರು. ಕೋಳಿಗಳು ಚೆನ್ನಾಗಿ ಬೆಳೆದವು, ಮೊಟ್ಟೆಯನ್ನೂ ಕೊಟ್ಟವು. ಮೊಟ್ಟೆಯ ದುಡ್ಡಿನಲ್ಲಿಯೇ ಮಗಳ ಪುಸ್ತಕದ ಖರ್ಚು ನಡೆಯುತ್ತಿತ್ತು. ಪುನಃ ದುಡ್ಡು ಕೊಟ್ಟು ಮರಿ ತರುವುದೇಕೆಂದು ಆ ಮೊಟ್ಟೆಗಳನ್ನೇ ಮನೆಯ ನಾಟಿ ಹೇಂಟೆಯ ಕೆಳಗೆ ಇಟ್ಟು ಮರಿ ಮಾಡಿಸಿದರು. "ಆ ಮರಿಗಳು ಒಂದೊಂದು ಒಂದೊಂದು ಥರ ಆದವು ಸಾರ್. ಅವುಗಳ ಮರಿ ಇನ್ನೂ ಕಳಪೆ. ಈಗ ಹನ್ನೊಂದು ಹೇಂಟೆ ಇವೆ, ವಾರಕ್ಕೆ ಹತ್ತು ಮೊಟ್ಟೆ ಬಂದರೆ ಹೆಚ್ಚು. ಮೊಟ್ಟೆ ಕೆಟ್ಟಿತೋ, ಕೋಳಿ ಕೆಟ್ಟಿತೋ?" ಎಂದು ಕೇಳಿದರು.

ಆಗ ನನಗೆ ಬೆಳಿಗ್ಗೆಯ ಪ್ರಶ್ನೆಯನ್ನು ನಗೆಯಲ್ಲಿ ತೇಲಿಸಿದ್ದು ತಪ್ಪೆನಿಸಿತು. ಎರಡೂ ಒಂದೇ ಪ್ರಶ್ನೆ. ತಾಯಿಕೋಳಿಯಲ್ಲಿದ್ದ ಗುಣ ಮೊಟ್ಟೆಗೆ ಹೇಗೆ ಬರುತ್ತದೆ, ಮೊಟ್ಟೆಯಿಂದ ಬಂದ ಮರಿ ತಾಯಿಗಿಂತ ಬೇರೆಯಾಗುವುದು ಎಲ್ಲಿ, ಎಂಬುದು ತಿಳಿದರೆ ಹಿರಿಯರ ಒಗಟೂ ಬಿಡುತ್ತದೆ, ಆ ತಾಯಿಯ ನಷ್ಟಕ್ಕೆ ಕಾರಣವೂ ಸಿಗುತ್ತದೆ. ಮಧ್ಯಾಹ್ನದ ಪಾಠವನ್ನು ಅಲ್ಲಿಂದಲೇ ಆರಂಭಿಸಿದೆ. ಅಂದು ಹೇಳಿದ್ದನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಹಳೆಯ ಪ್ರಶ್ನೆ

ನಮ್ಮ ದೇಶದಲ್ಲಿ ಈ ಒಗಟನ್ನು ಕೋಳಿಗಿಂತ ಹೆಚ್ಚಾಗಿ ಬೀಜದ ಮೇಲೆ ಹೇಳುವುದು ರೂಢಿ. ಬೀಜದಿಂದ ಮೊಳಕೆ, ಮೊಳಕೆಯಿಂದ ಗಿಡ, ಗಿಡದಿಂದ ಮತ್ತೆ ಬೀಜ. ಇದಕ್ಕೆ ಶಾಸ್ತ್ರಕಾರರು ಬೀಜಾಂಕುರ ನ್ಯಾಯವೆಂದು ಹೆಸರಿಟ್ಟು, ಮೊದಲಿಲ್ಲದ ಸರಪಣಿಗೆ ಉದಾಹರಣೆಯಾಗಿ ಬಳಸಿದರು. ಗ್ರೀಕರಲ್ಲಿ ಪ್ಲುಟಾರ್ಕ್ ಎಂಬ ಲೇಖಕ ಸುಮಾರು 1900 ವರ್ಷಗಳ ಹಿಂದೆ, ಊಟದ ಹೊತ್ತಿನ ಚರ್ಚೆಗಳ ತನ್ನ ಗ್ರಂಥದಲ್ಲಿ ಕೋಳಿ ಮೊಟ್ಟೆಯ ವಾದವನ್ನೇ ಬರೆದಿದ್ದಾನೆ. ಆಗಲೂ ಇದು ಊಟಕ್ಕೆ ಕುಳಿತವರ ಮಾತೇ ಆಗಿತ್ತು ಎಂಬುದು ಮೋಜು.

ಅವರ್ಯಾರಿಗೂ ಒಂದು ವಿಷಯ ತಿಳಿದಿರಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ಜೀವಿಗಳು ಬದಲಾಗುತ್ತವೆ. ಕೋಳಿಯಿಂದ ಯಾವಾಗಲೂ ಅದೇ ಕೋಳಿ ಎಂದು ಹಿಡಿದು ಹೊರಟರೆ ಸರಪಣಿಗೆ ತುದಿ ಸಿಗುವುದಿಲ್ಲ. ಹಿಂದೆ ಹಿಂದೆ ಹೋದಂತೆ ಕೋಳಿಯು ಕೋಳಿಯಾಗಿರಲಿಲ್ಲ ಎಂದು ಒಪ್ಪಿದರೆ ತುದಿ ಕಾಣತೊಡಗುತ್ತದೆ.

ಮೊಟ್ಟೆಯ ವಯಸ್ಸು

ಬರೀ 'ಮೊಟ್ಟೆ' ಎಂದರೆ ಉತ್ತರ ಸುಲಭ. ಮೀನು ಮೊಟ್ಟೆ ಇಡುತ್ತದೆ, ಕಪ್ಪೆ ಇಡುತ್ತದೆ. ಆದರೆ ಅವುಗಳ ಮೊಟ್ಟೆ ನೀರಿಲ್ಲದೆ ಉಳಿಯದು. ಒಳಗೇ ನೀರಿನ ಚೀಲವನ್ನು ಇಟ್ಟುಕೊಂಡು ಒಣ ನೆಲದ ಮೇಲೆ ಬದುಕಬಲ್ಲ ಮೊಟ್ಟೆಯನ್ನು ಇಡುವ ಪ್ರಾಣಿಗಳು ಭೂಮಿಯ ಮೇಲೆ ಬಂದು 30 ಕೋಟಿ ವರ್ಷಗಳ ಮೇಲಾಯಿತು. ಗಟ್ಟಿ ಚಿಪ್ಪಿನ ಮೊಟ್ಟೆಯನ್ನು ಡೈನೊಸಾರ್‌ಗಳು ಇಡುತ್ತಿದ್ದವು. ಗುಜರಾತಿನ ಬಾಲಾಸಿನೋರ್ ಬಳಿಯಲ್ಲಿಯೂ ನರ್ಮದಾ ಕಣಿವೆಯಲ್ಲಿಯೂ ಅವುಗಳ ಮೊಟ್ಟೆಗಳು ಕಲ್ಲಾಗಿ ಉಳಿದಿವೆ. ಅವುಗಳಿಗೆ ಆರೂವರೆ ಕೋಟಿ ವರ್ಷಕ್ಕೂ ಹೆಚ್ಚಿನ ವಯಸ್ಸು. ಆ ಗುಂಪಿನ ಒಂದು ಕವಲಿನಿಂದಲೇ ಹಕ್ಕಿಗಳು ಬಂದವು. ಕೋಳಿ ಅವೆಲ್ಲಕ್ಕಿಂತ ಈಚಿನದು. ಆದ್ದರಿಂದ ಕೋಳಿಗಿಂತ ಮೊಟ್ಟೆ ಮೊದಲು ಎನ್ನುವುದರಲ್ಲಿ ಸಂಶಯವಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಹಿರಿಯರು, "ಮೊಟ್ಟೆ ಇದ್ದರೆ ಆಯ್ತಾ? ಕಾವು ಕೊಟ್ಟೋರ್ಯಾರು?" ಎಂದರು. ಸರಿಯಾದ ಪಾಟೀಸವಾಲು. ಇಪ್ಪತ್ತೊಂದು ದಿನ ಹೇಂಟೆ ಕೂರದಿದ್ದರೆ ಮೊಟ್ಟೆ ಮೊಟ್ಟೆಯಾಗಿಯೇ ಉಳಿಯುತ್ತದೆ, ಅಥವಾ ಕೊಳೆಯುತ್ತದೆ. ಆದರೆ ಕಾವು ಕೊಡುವ ಕೆಲಸವೂ ಕೋಳಿಯಿಂದ ಶುರುವಾದುದಲ್ಲ. ನಮ್ಮ ಕಾವೇರಿಯ ಮೊಸಳೆ ದಡದ ಮರಳಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ; ಕಾವು ಕೊಡುವುದು ಬಿಸಿಲು, ಕಾಯುವುದು ಮಾತ್ರ ತಾಯಿ. ನಿಕೋಬಾರ್ ದ್ವೀಪಗಳಲ್ಲಿ ಮೆಗಾಪೋಡ್ ಎಂಬ ಹಕ್ಕಿಯಿದೆ. ಕೋಳಿಯ ದೂರದ ಸಂಬಂಧಿ. ಅದು ಮಣ್ಣು ಮತ್ತು ಎಲೆಗಳ ದೊಡ್ಡ ಗುಡ್ಡೆ ಮಾಡಿ ಅದರೊಳಗೆ ಮೊಟ್ಟೆಯನ್ನು ಹೂಳುತ್ತದೆ. ತಿಪ್ಪೆಯೊಳಗೆ ಕೈಯಿಟ್ಟರೆ ಬಿಸಿ ತಾಗುತ್ತದಲ್ಲವೇ, ಅದೇ ಬಿಸಿಯಲ್ಲಿ ಮರಿಯಾಗುತ್ತದೆ. ಇನ್ನು ಗೂಡಿನ ಮೇಲೆ ಕೂರುವುದನ್ನು ಕೆಲವು ಡೈನೊಸಾರ್‌ಗಳೂ ಕಲಿತಿದ್ದವು. ಮಂಗೋಲಿಯದ ಗೋಬಿ ಮರುಭೂಮಿಯಲ್ಲಿ 1923ರಲ್ಲಿ ಮೊಟ್ಟೆಗಳ ಜೊತೆ ಸಿಕ್ಕಿದ ಒಂದು ಅಸ್ಥಿಪಂಜರಕ್ಕೆ ವಿಜ್ಞಾನಿಗಳು 'ಮೊಟ್ಟೆಗಳ್ಳ' ಎಂಬ ಅರ್ಥದ ಹೆಸರಿಟ್ಟರು. 1990ರ ದಶಕದಲ್ಲಿ ಅದೇ ಬಗೆಯ ಮೊಟ್ಟೆಯೊಳಗೆ ಅದರ ಕುಲದ್ದೇ ಭ್ರೂಣ ಸಿಕ್ಕಿತು. ಗೂಡಿನ ಮೇಲೆ ಕೈಕಾಲು ಮಡಿಸಿ, ಕಾವು ಕೂತ ಹೇಂಟೆಯಂತೆ ಕೂತೇ ಸತ್ತ ಪಂಜರಗಳೂ ದೊರೆತವು. ಕಳ್ಳನೆಂದು ಕರೆಸಿಕೊಂಡದ್ದು ತಾಯಿಯೋ ತಂದೆಯೋ ಆಗಿದ್ದಿರಬೇಕು. ಹೆಸರು ಮಾತ್ರ ಹಾಗೆಯೇ ಉಳಿದಿದೆ.

ಕೋಳಿಯ ಹುಟ್ಟು

ನಮ್ಮ ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. 1868ರಲ್ಲಿಯೇ ಡಾರ್ವಿನ್ ಹೀಗೆಂದು ಬರೆದಿದ್ದ. ಈ ಕಾಡುಕೋಳಿ ಹಿಮಾಲಯದ ತಪ್ಪಲು, ಈಶಾನ್ಯ ರಾಜ್ಯಗಳು ಮತ್ತು ಗೋದಾವರಿಯ ಆಚೆಗಿನ ಕಾಡುಗಳಲ್ಲಿದೆ. ಅಲ್ಲಿಂದ ಪೂರ್ವಕ್ಕೆ ಬರ್ಮಾ, ಥಾಯ್ಲೆಂಡ್‌ಗಳವರೆಗೂ ಹಬ್ಬಿದೆ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 863 ಕೋಳಿಗಳ ವಂಶವಾಹಿಗಳನ್ನು ಪೂರ್ತಿಯಾಗಿ ಓದಿ ಹೋಲಿಸಲಾಯಿತು. ಚೀನದ ನೈರುತ್ಯ ಭಾಗ, ಉತ್ತರ ಥಾಯ್ಲೆಂಡ್ ಮತ್ತು ಬರ್ಮಾ ಕಡೆಯ ಉಪಜಾತಿಯೊಂದಕ್ಕೆ ಸಾಕುಕೋಳಿಗಳು ಅತಿ ಹತ್ತಿರವೆಂದು ತಿಳಿದುಬಂತು. 2022ರಲ್ಲಿ ಹಳೆಯ ಎಲುಬುಗಳನ್ನು ಪುನಃ ಪರೀಕ್ಷಿಸಿದವರು, ಖಚಿತವಾಗಿ ಸಾಕುಕೋಳಿಯದೆಂದು ಹೇಳಬಹುದಾದ ಅತಿ ಹಳೆಯ ಎಲುಬುಗಳು ಮಧ್ಯ ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬ ಹಳೆಯ ಊರಿನವು, ಕ್ರಿ.ಪೂ. 1650ರಿಂದ 1250ರ ನಡುವಿನವು ಎಂದು ತೋರಿಸಿದರು. ಭತ್ತದ ಬೇಸಾಯ ಹರಡಿದ ಹಾದಿಯಲ್ಲಿಯೇ ಕೋಳಿಯೂ ಹರಡಿದಂತೆ ಕಾಣುತ್ತದೆ. ಕಣದಲ್ಲಿ ಚೆಲ್ಲಿದ ಕಾಳಿಗೆ ಕಾಡುಕೋಳಿ ಬಂದಿತು. ಹೆದರದೆ ನಿಂತದ್ದು ಊರಿನಲ್ಲಿ ಉಳಿಯಿತು.

ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿ ಬೇರೆ ಜಾತಿ. ಅದು ಇರುವುದು ಭಾರತದ ಪರ್ಯಾಯ ದ್ವೀಪದಲ್ಲಿ ಮಾತ್ರ. ಸಾಕುಕೋಳಿಯ ಮುಖ್ಯ ಮೂಲ ಅದಲ್ಲವಾದರೂ, ಕೋಳಿಯ ಕಾಲಿಗೂ ಚರ್ಮಕ್ಕೂ ಹಳದಿ ಬಣ್ಣ ಕೊಡುವ ವಂಶವಾಹಿ ಈ ಬೂದು ಕೋಳಿಯಿಂದ ಬಂದದ್ದೆಂದು 2008ರಲ್ಲಿ ಗೊತ್ತಾಯಿತು. ಸಂತೆಯಲ್ಲಿ ಹಳದಿ ಕಾಲಿನ ಕೋಳಿಯನ್ನು ಆರಿಸಿ ಕೊಳ್ಳುವವರು ಮಲೆನಾಡಿನ ಕಾಡುಕೋಳಿಯ ಒಂದು ಎಳೆಯನ್ನು ಕೈಯಲ್ಲಿ ಹಿಡಿದಿರುತ್ತಾರೆ.

ಕಾಡಿನ ಹೇಂಟೆ ಒಂದು ಹಂಗಾಮಿನಲ್ಲಿ ಐದಾರು ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ. ನಮ್ಮ ನಾಟಿ ಹೇಂಟೆ ಒಂದು ಸರದಿಗೆ ಹತ್ತು ಹದಿನೈದರಂತೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಕೊಡುತ್ತದೆ. ಫಾರಂನ ಮೊಟ್ಟೆ ಕೋಳಿ ಮುನ್ನೂರನ್ನು ದಾಟುತ್ತದೆ. ಇಷ್ಟು ದೂರ ಬಂದದ್ದು ಯಾವುದೋ ಒಂದು ದಿನ ಹುಟ್ಟಿದ ಒಂದು ಅದ್ಭುತ ಕೋಳಿಯಿಂದಲ್ಲ. ಯಾವ ಮೊಟ್ಟೆಯನ್ನು ತಿನ್ನಬೇಕು, ಯಾವುದನ್ನು ಕಾವಿಗೆ ಇಡಬೇಕು ಎಂದು ಜನರು ತಲೆಮಾರಿನಿಂದ ತಲೆಮಾರಿಗೆ ಮಾಡಿದ ಆಯ್ಕೆಯಿಂದ.

ಮೊದಲ ಕೋಳಿ ಯಾವುದು?

ಒಗಟಿನ ಗಟ್ಟಿ ಭಾಗ ಇಲ್ಲಿದೆ. ಮೊಟ್ಟೆ ಎಂದರೆ 'ಕೋಳಿಮೊಟ್ಟೆ' ಎಂದೇ ಇಟ್ಟುಕೊಳ್ಳೋಣ. ಕೋಳಿ ಇಟ್ಟದ್ದು ಕೋಳಿಮೊಟ್ಟೆಯೋ, ಅಥವಾ ಕೋಳಿ ಹೊರಬಂದದ್ದು ಕೋಳಿಮೊಟ್ಟೆಯೋ?

ಹಕ್ಕಿ ಬದುಕಿರುವಾಗ ತನ್ನ ಜಾತಿಯನ್ನು ಬದಲಿಸುವುದಿಲ್ಲ. ಒಳ್ಳೆಯ ಮೇವು ಹಾಕಿದರೆ ದಪ್ಪವಾಗಬಹುದು, ಬಾಲ ಕತ್ತರಿಸಿದರೆ ಮೊಂಡಾಗಬಹುದು. ಇವು ಮರಿಗೆ ಹೋಗುವುದಿಲ್ಲ. ಮರಿಗೆ ಹೋಗುವ ಬದಲಾವಣೆ ಆಗುವುದು ತಾಯಿಯ ಅಂಡಾಣು ಮತ್ತು ಹುಂಜದ ವೀರ್ಯಾಣು ತಯಾರಾಗುವಾಗ, ಇಲ್ಲವೇ ಅವೆರಡೂ ಕೂಡಿದ ಕೂಡಲೇ. ಹೀಗಾಗಿ ಹೊಸ ಗುಣ ಮೊದಲು ಕಾಣಿಸುವುದು ಮೊಟ್ಟೆಯೊಳಗಿನ ಜೀವದಲ್ಲಿ. ಆ ಮೊಟ್ಟೆಯನ್ನು ಇಟ್ಟ ಹೇಂಟೆಯಲ್ಲಿ ಆ ಗುಣವು ಇಲ್ಲದೆಯೇ ಇರಬಹುದು. ಈ ಲೆಕ್ಕದಲ್ಲಿಯೂ ಮೊಟ್ಟೆಯೇ ಮೊದಲು: ಪೂರ್ತಿ ಕೋಳಿಯಲ್ಲದ ಒಂದು ಹಕ್ಕಿ ಇಟ್ಟ ಮೊಟ್ಟೆಯಿಂದ ಮೊದಲ ಕೋಳಿ ಬಂತು.

2010ರಲ್ಲಿ ಪತ್ರಿಕೆಗಳು ಇದಕ್ಕೆ ವಿರುದ್ಧವಾದ ಸುದ್ದಿಯನ್ನು ಹಾಕಿದ್ದವು. ಇಂಗ್ಲೆಂಡಿನ ಷೆಫೀಲ್ಡ್ ಮತ್ತು ವಾರ್ವಿಕ್ ವಿಶ್ವವಿದ್ಯಾಲಯಗಳವರು ದೊಡ್ಡ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಓವೋಕ್ಲೀಡಿನ್-17 ಎಂಬ ಪ್ರೋಟೀನು ಸುಣ್ಣದ ಹರಳುಗಳನ್ನು ಚಿಪ್ಪಾಗಿ ಕಟ್ಟಲು ಹೇಗೆ ನೆರವಾಗುತ್ತದೆ ಎಂದು ತೋರಿಸಿದರು. ಆ ಪ್ರೋಟೀನು ಹೇಂಟೆಯ ಹೊಟ್ಟೆಯಲ್ಲಿ ತಯಾರಾಗುವುದರಿಂದ ಕೋಳಿಯೇ ಮೊದಲೆಂದು ಪತ್ರಿಕೆಗಳು ತೀರ್ಪು ಕೊಟ್ಟವು. ಸಂಶೋಧನೆ ಒಳ್ಳೆಯದು, ತೀರ್ಪು ಸರಿಯಲ್ಲ. ಬಾತು, ಹೆಬ್ಬಾತುಗಳೂ ಚಿಪ್ಪು ಕಟ್ಟುತ್ತವೆ. ಅವುಗಳಲ್ಲಿ ಅದೇ ಬಗೆಯ ಬೇರೆ ಪ್ರೋಟೀನುಗಳಿವೆ. ಕೋಳಿಗಿಂತ ಹಿಂದಿನ ಹಕ್ಕಿಗಳೂ ಹಾಗೆಯೇ ಚಿಪ್ಪು ಕಟ್ಟಿಕೊಂಡಿದ್ದವು.

ನಿಜ ಹೇಳಬೇಕೆಂದರೆ 'ಮೊದಲ ಕೋಳಿ' ಎಂದು ಒಂದನ್ನು ಬೆರಳಿಟ್ಟು ತೋರಿಸಲಾಗದು. ಕೆರೆಯ ನೀರು ಇಳಿಯುವಾಗ ಯಾವ ದಿನ ಕೆರೆ ಬತ್ತಿತು ಎಂದು ಹೇಳುವುದು ಹೇಗೆ ಕಷ್ಟವೋ ಹಾಗೆ. ಪ್ರತಿ ಮರಿಯೂ ತನ್ನ ತಾಯಿಯಂತೆಯೇ ಇತ್ತು, ಆದರೆ ಸಾವಿರ ತಲೆಮಾರಿನ ಹಿಂದಿನ ಅಜ್ಜಿಯಂತೆ ಇರಲಿಲ್ಲ. ಬದಲಾದದ್ದು ಒಂದು ಹಕ್ಕಿಯಲ್ಲ, ಹಿಂಡು. ಮನೆಯ ಹಿತ್ತಲಲ್ಲಿಯೂ ಬದಲಾಗುವುದು ಹಿಂಡೇ. ಒಳ್ಳೆಯದಕ್ಕೂ ಹೌದು, ಕೆಟ್ಟದ್ದಕ್ಕೂ ಹೌದು.

ಮೊಟ್ಟೆಯೊಳಗಿನ ಲೆಕ್ಕ

ಹೇಂಟೆಯ ಹೊಟ್ಟೆಯಲ್ಲಿ ಒಂದು ಮೊಟ್ಟೆ ಪೂರ್ತಿಯಾಗಲು ಸುಮಾರು 25 ಗಂಟೆ ಬೇಕು. ಹಳದಿ ಭಾಗ ಅಂಡಾಶಯದಿಂದ ಕಳಚಿ ಅಂಡನಾಳದ ಬಾಯಿಗೆ ಬಿದ್ದ ಕಾಲು ಗಂಟೆಯೊಳಗೆ ವೀರ್ಯಾಣು ಅದನ್ನು ಸೇರಬೇಕು. ಆಮೇಲೆ ಸುತ್ತ ಬಿಳಿ ಲೋಳೆ ಬಂದುಬಿಡುತ್ತದೆ. ಬಿಳಿ ಲೋಳೆಗೆ ಮೂರು ಗಂಟೆ, ಪೊರೆಗಳಿಗೆ ಒಂದೂಕಾಲು ಗಂಟೆ, ಉಳಿದ ಇಪ್ಪತ್ತು ಗಂಟೆಯೂ ಚಿಪ್ಪಿಗೆ. ಒಂದು ಚಿಪ್ಪಿಗೆ ಎರಡು ಗ್ರಾಂನಷ್ಟು ಕ್ಯಾಲ್ಸಿಯಂ ಬೇಕು. ಮೇವಿನಲ್ಲಿ ಸಾಲದಿದ್ದರೆ ಹೇಂಟೆ ತನ್ನ ಎಲುಬಿನಿಂದಲೇ ಅದನ್ನು ತೆಗೆದುಕೊಡುತ್ತದೆ. ಕಪ್ಪೆಚಿಪ್ಪಿನ ಪುಡಿಯನ್ನು ಒಂದು ಚಿಪ್ಪಿನಲ್ಲಿ ಬೇರೆಯಾಗಿ ಇಡಿ ಎಂದು ನಾವು ಹೇಳುವುದು ಇದಕ್ಕಾಗಿ.

ಚಿಪ್ಪು ಕಟ್ಟುವ ಇಷ್ಟು ಹೊತ್ತೂ ಒಳಗಿನ ಜೀವ ಸುಮ್ಮನಿರುವುದಿಲ್ಲ. ತಾಯಿಯ ಮೈಬಿಸಿಯಲ್ಲಿ ಅದು ಎರಡಾಗಿ, ನಾಲ್ಕಾಗಿ ಒಡೆಯುತ್ತಾ ಹೋಗಿ, ಮೊಟ್ಟೆ ಹೊರಬರುವಷ್ಟರಲ್ಲಿ 40ರಿಂದ 60 ಸಾವಿರ ಜೀವಕೋಶಗಳ ಒಂದು ತಟ್ಟೆಯಾಗಿರುತ್ತದೆ. ಫಲವಾದ ಮೊಟ್ಟೆಯನ್ನು ಒಡೆದರೆ ಹಳದಿಯ ಮೇಲೆ ಮಸೂರದಷ್ಟು ಬಿಳಿ ಉಂಗುರ ಕಾಣುವುದು ಇದೇ. ಕೈಗೆ ಬೆಚ್ಚಗೆ ಸಿಕ್ಕುವ ಮೊಟ್ಟೆ ಆಗಲೇ ಒಂದು ದಿನದ ಹಕ್ಕಿ.

ತಂಪಿಗೆ ಬಂದ ಕೂಡಲೇ ಈ ಬೆಳವಣಿಗೆ ನಿಲ್ಲುತ್ತದೆ. ಸುಮಾರು 20 ಡಿಗ್ರಿ ಸೆಂ.ಗಿಂತ ಕೆಳಗೆ ಭ್ರೂಣ ನಿದ್ದೆಯಲ್ಲಿರುತ್ತದೆ; ಪುನಃ ಕಾವು ಸಿಕ್ಕಿದಾಗ ಎದ್ದು ಮುಂದುವರಿಯುತ್ತದೆ. ಹತ್ತು ದಿನದ ಅಂತರದಲ್ಲಿ ಇಟ್ಟ ಮೊಟ್ಟೆಗಳಿಂದ ಒಂದೇ ದಿನ ಮರಿ ಬರುವ ಗುಟ್ಟು ಇದು. ಆದರೆ ನಮ್ಮ ಅಡಿಗೆಮನೆಯ ಬಿಸಿ ಏಪ್ರಿಲ್ ತಿಂಗಳಲ್ಲಿ 30ನ್ನು ದಾಟುತ್ತದೆ. ಆ ಬಿಸಿ ನಿದ್ದೆ ಮಾಡಿಸಲು ಹೆಚ್ಚು, ಮರಿ ಮಾಡಿಸಲು ಕಡಿಮೆ. ಭ್ರೂಣ ಅರೆಬರೆ ಬೆಳೆದು ಸಾಯುತ್ತದೆ. ಬೇಸಿಗೆಯಲ್ಲಿ ಕಾವಿಗಿಟ್ಟ ಹನ್ನೆರಡರಲ್ಲಿ ನಾಲ್ಕು ಮರಿಯಾದರೆ ಹುಂಜವನ್ನು ಬೈಯುವವರು ಮೊದಲು ಒಲೆಯ ಪಕ್ಕದ ಮೊಟ್ಟೆಯ ಬುಟ್ಟಿಯನ್ನು ನೋಡಬೇಕು. ಮಣ್ಣಿನ ಮಡಕೆಯನ್ನು ಒದ್ದೆ ಮರಳಿನಲ್ಲಿ ಅರ್ಧ ಹೂತು, ಒಳಗೆ ಒಣ ಹುಲ್ಲು ಹಾಸಿ ಮೊಟ್ಟೆಯಿಟ್ಟು, ಬಾಯಿಗೆ ತೆಳ್ಳಗಿನ ಒದ್ದೆ ಬಟ್ಟೆ ಕಟ್ಟಿ ನೆರಳಿನಲ್ಲಿಡಿ. ಹೀಗಿಟ್ಟರೂ ಬೇಸಿಗೆಯಲ್ಲಿ ನಾಲ್ಕು ದಿನ, ಚಳಿಗಾಲದಲ್ಲಿ ಒಂದು ವಾರ ಮೀರಿದ ಮೊಟ್ಟೆಯನ್ನು ಕಾವಿಗೆ ಇಡದಿರುವುದು ಲೇಸು.

ಇನ್ನೊಂದು ಮಾತು. ಹೆಣ್ಣು ಮರಿ ಒಡೆದು ಬರುವಾಗಲೇ ಅದರ ಅಂಡಾಶಯದಲ್ಲಿ ಮುಂದೆ ಅದು ಇಡಲಿರುವ ಮೊಟ್ಟೆಗಳ ಮೂಲಕಣಗಳು ಸಾವಿರಗಟ್ಟಲೆ ಇರುತ್ತವೆ. ಇಂದು ಕಾವಿಗೆ ಇಟ್ಟ ಮೊಟ್ಟೆಯೊಳಗೆ ಕೋಳಿ ಇದೆ, ಆ ಕೋಳಿಯೊಳಗೆ ಮತ್ತೆ ಮೊಟ್ಟೆಗಳು. ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಹೇಂಟೆಯ ಅಂಡಾಣುವೇ ಹೊರತು ಹುಂಜವಲ್ಲ, ಮನುಷ್ಯರಲ್ಲಿ ಇದ್ದಂತಲ್ಲ. ಚೂಪು ಮೊಟ್ಟೆಯಿಂದ ಹುಂಜ, ಗುಂಡು ಮೊಟ್ಟೆಯಿಂದ ಹೇಂಟೆ ಎಂಬ ನಂಬಿಕೆಗೆ ಆಧಾರವಿಲ್ಲ.

ಗಿರಿರಾಜದ ಮೊಟ್ಟೆಯನ್ನು ಕಾವಿಗೆ ಇಡಬಹುದೇ?

ಈಗ ಆ ತಾಯಿಯ ಪ್ರಶ್ನೆಗೆ ಬರೋಣ. ಗಿರಿರಾಜ ಒಂದು ಶುದ್ಧ ತಳಿಯಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ಕೋಳಿ ವಿಭಾಗದವರು 1980ರ ದಶಕದಲ್ಲಿ, ಬೇರೆ ಬೇರೆ ವಂಶದ ಕೋಳಿಗಳನ್ನು ಆರಿಸಿ ಬೆರಸಿ ಹಿತ್ತಲಿಗೆಂದೇ ರೂಪಿಸಿದ ಮಿಶ್ರತಳಿ. ಬಣ್ಣದ ಗರಿ, ಬೇಗ ಬರುವ ತೂಕ, ವರ್ಷಕ್ಕೆ 130ರಿಂದ 150 ಮೊಟ್ಟೆ. ಅನಂತರ ಇನ್ನೂ ಹೆಚ್ಚು ಮೊಟ್ಟೆ ಕೊಡುವ ಸ್ವರ್ಣಧಾರವೂ ಅಲ್ಲಿಂದಲೇ ಬಂತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ.

ಜೋಳ ಬೆಳೆಯುವವರಿಗೆ ಇದನ್ನು ವಿವರಿಸುವುದು ಸುಲಭ. 1964ರಲ್ಲಿ ಸಿ.ಎಸ್.ಎಚ್.-1 ಹೈಬ್ರಿಡ್ ಜೋಳ ಬಂದಾಗ ಅನೇಕರು ಮೊದಲ ವರ್ಷದ ತೆನೆಯನ್ನೇ ಮುಂದಿನ ವರ್ಷಕ್ಕೆ ಬೀಜಕ್ಕಿಟ್ಟು ಕೈ ಸುಟ್ಟುಕೊಂಡರು. ಎರಡು ವಂಶ ಕೂಡಿದಾಗ ಮೊದಲ ಪೀಳಿಗೆಯಲ್ಲಿ ಒಂದು ವಿಶೇಷ ಕಸುವು ಬರುತ್ತದೆ, ಎಲ್ಲವೂ ಒಂದೇ ಸಮನಾಗಿರುತ್ತವೆ. ಆ ಪೀಳಿಗೆಯನ್ನು ತಮ್ಮತಮ್ಮೊಳಗೇ ಕೂಡಿಸಿದರೆ ಮುಂದಿನ ಪೀಳಿಗೆಯಲ್ಲಿ ಆ ಕಸುವಿನ ಸುಮಾರು ಅರ್ಧ ಹೋಗುತ್ತದೆ. ಅಜ್ಜ ಅಜ್ಜಿಯರ ಗುಣಗಳು ಚೆದರಿ ಒಂದೊಂದು ಮರಿ ಒಂದೊಂದು ಥರ ಆಗುತ್ತದೆ. ರಾಗಿಯಲ್ಲಿ ಹೀಗಾಗುವುದಿಲ್ಲ. ರಾಗಿಯ ಹೂವು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದಾದ್ದರಿಂದ ಇಂಡಾಫ್ ತಳಿಗಳ ಬೀಜವನ್ನು ಮನೆಯಲ್ಲಿಯೇ ಎತ್ತಿಡಬಹುದು. ಕೋಳಿಗೆ ಆ ಸೌಕರ್ಯವಿಲ್ಲ.

ಆ ತಾಯಿಯ ಹಿತ್ತಲಲ್ಲಿ ಇನ್ನೂ ಒಂದು ಕೆಲಸವಾಗಿತ್ತು. ತಂದ ಇಪ್ಪತ್ತರಲ್ಲಿ ಉಳಿದ ಒಂದೇ ಹುಂಜ ಹೇಂಟೆಗಳಿಗೂ, ಅವುಗಳ ಮರಿಗಳಿಗೂ ಜೋಡಿಯಾಗಿತ್ತು. ಮೂರನೆಯ ಪೀಳಿಗೆಯ ಮರಿಗಳಿಗೆ ತಂದೆ ಮತ್ತು ಅಜ್ಜ ಒಬ್ಬನೇ. ರಕ್ತಸಂಬಂಧದೊಳಗಿನ ಇಂಥ ಕೂಡಿಕೆಯಿಂದ ಮೊದಲು ಇಳಿಯುವುದು ಮೊಟ್ಟೆ ಮರಿಯಾಗುವ ಪ್ರಮಾಣ, ಆಮೇಲೆ ಮರಿ ಬದುಕುವ ಪ್ರಮಾಣ, ಆಮೇಲೆ ಮೊಟ್ಟೆಯ ಸಂಖ್ಯೆ. "ಮೊಟ್ಟೆಯೂ ಕೆಟ್ಟಿಲ್ಲ, ಕೋಳಿಯೂ ಕೆಟ್ಟಿಲ್ಲ ತಾಯಿ, ಜೋಡಿ ಕೆಟ್ಟಿದೆ" ಎಂದೆ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮರಿ ಸಿಗುವುದು ತಡವಾಗುತ್ತದೆಂದು ಒಂದು ಊರಿನವರಿಗೆ ನಾನೇ ಮಿಶ್ರತಳಿಯ ಮೊಟ್ಟೆಯನ್ನು ಕಾವಿಗೆ ಇಡಿ ಎಂದಿದ್ದೆ. ಮೊದಲ ಬಾರಿ ಬಂದ ಮರಿಗಳು ತಕ್ಕಮಟ್ಟಿಗೆ ಇದ್ದವು. ನಾನು ವರ್ಗವಾಗಿ ಹೋದೆ. ಆಮೇಲೆ ಏನಾಯಿತೆಂದು ಆ ಊರಿನ ಒಬ್ಬರು ಸಂತೆಯಲ್ಲಿ ಸಿಕ್ಕಿ ಹೇಳಿದಾಗ ನನಗೆ ಉತ್ತರವಿರಲಿಲ್ಲ.

ಮಿಶ್ರತಳಿ ಬೇಕೆನ್ನುವವರು ಒಂದು ತಂಡ ಮುಗಿದ ಮೇಲೆ ಹೊಸ ಮರಿಗಳನ್ನೇ ತರಬೇಕು. ಮೊಟ್ಟೆಯನ್ನು ಮಾರಬೇಕು ಇಲ್ಲವೇ ತಿನ್ನಬೇಕು. ಮನೆಯಲ್ಲಿಯೇ ಪೀಳಿಗೆ ಮುಂದುವರಿಸಬೇಕೆನ್ನುವವರಿಗೆ ನಾಟಿ ಕೋಳಿಯೇ ಗಟ್ಟಿ. ನಾಟಿ ಹೇಂಟೆಗಳ ಜೊತೆ ಗಿರಿರಾಜ ಹುಂಜವನ್ನು ಬಿಟ್ಟು ಒಂದು ಪೀಳಿಗೆ ಮರಿ ಮಾಡಿಸಿ ಮಾಂಸಕ್ಕೆ ಮಾರಿದರೆ ನಷ್ಟವಿಲ್ಲ. ಆದರೆ ಹಿತ್ತಲಿನ ಎಲ್ಲ ಹೇಂಟೆಗಳನ್ನೂ ಬೆರಕೆಗೆ ಒಪ್ಪಿಸುವುದು ನನಗೆ ಸರಿಕಾಣದು. ಕಾವಿಗೆ ಕೂರುವುದು, ಹದ್ದಿನ ನೆರಳಿಗೆ ಮರಿಗಳನ್ನು ರೆಕ್ಕೆಯೊಳಗೆ ಸೇರಿಸುವುದು ನಾಟಿ ಹೇಂಟೆಯ ವಿದ್ಯೆ. ಹೆಚ್ಚು ಮೊಟ್ಟೆಗಾಗಿ ಆರಿಸಿದ ತಳಿಗಳು ಕಾವು ಕೂರುವುದನ್ನೇ ಮರೆತಿವೆ. ಅವುಗಳ ಮೊಟ್ಟೆಗೆ ಯಂತ್ರವೋ, ನಾಟಿ ಹೇಂಟೆಯೋ ಬೇಕೇ ಬೇಕು.

ಕಾವಿಗೆ ಇಡುವ ಮುನ್ನ

ನಾಟಿ ಹಿಂಡುಗಳು ಕೆಡುವುದಕ್ಕೆ ಇನ್ನೊಂದು ಕಾರಣ ನಮ್ಮ ಅಭ್ಯಾಸದಲ್ಲಿಯೇ ಇದೆ. ದಪ್ಪ ಮೊಟ್ಟೆಗಳು ಅಂಗಡಿಗೆ ಹೋಗುತ್ತವೆ, ಸಣ್ಣವು ಕಾವಿಗೆ ಉಳಿಯುತ್ತವೆ. ಎತ್ತರವಾಗಿ ಬೆಳೆದ ಹುಂಜ ಊರಹಬ್ಬಕ್ಕೋ, ಬಂದ ನೆಂಟರಿಗೋ ಆಗುತ್ತದೆ. ಯಾರೂ ಕೇಳದ ಬಡಕಲು ಹುಂಜ ಹಿತ್ತಲಲ್ಲಿ ಉಳಿದು ಎಲ್ಲ ಮರಿಗಳಿಗೂ ತಂದೆಯಾಗುತ್ತದೆ. ಕೆಂಪು ಕಾಡುಕೋಳಿಯನ್ನು ಹಿರಿಯರು ಯಾವ ಆಯ್ಕೆಯಿಂದ ಮೇಲೆತ್ತಿದರೋ ಅದನ್ನೇ ನಾವು ತಿರುಗುಮುರುಗಾಗಿ ಮಾಡುತ್ತಿದ್ದೇವೆ. ರಾಗಿಯ ಹೊಲದಲ್ಲಿ ಒಳ್ಳೆಯ ತೆನೆಯನ್ನು ಬೀಜಕ್ಕೆಂದು ಮೊದಲು ಆರಿಸುವವರು ಕೋಳಿಯಲ್ಲಿ ಮಾತ್ರ ಉಳಿದದ್ದನ್ನು ಬೀಜಕ್ಕಿಡುತ್ತಾರೆ.

ಹುಂಜದ ಆಯ್ಕೆ ಹೆಚ್ಚು ಮುಖ್ಯ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಪ್ರತಿ ಮರಿಯ ಅರ್ಧ ಗುಣ ಅದರಿಂದ ಬರುವುದರಿಂದ ಒಂದು ಹುಂಜ ಎಂದರೆ ಅರ್ಧ ಹಿಂಡು. ಆದರೆ ಹುಂಜ ಮೊಟ್ಟೆ ಇಡುವುದಿಲ್ಲ. ಅದರಲ್ಲಿ ಮೊಟ್ಟೆಯ ಗುಣ ಇದೆಯೋ ಇಲ್ಲವೋ ನೋಡಿ ತಿಳಿಯುವಂತಿಲ್ಲ. ಅದರ ತಾಯಿಯನ್ನು ನೋಡಬೇಕು. ಹೆಚ್ಚು ಮೊಟ್ಟೆ ಕೊಟ್ಟು, ಕೂತ ಮೊಟ್ಟೆಗಳಲ್ಲಿ ಹೆಚ್ಚು ಮರಿ ಮಾಡಿ, ಅವುಗಳನ್ನು ಉಳಿಸಿಕೊಂಡ ಹೇಂಟೆಯ ಗಂಡು ಮರಿಯನ್ನು ಹುಂಜವಾಗಿ ಬಿಡಿ. ನಿಮ್ಮದಲ್ಲ, ಪಕ್ಕದ ಊರಿನ ನೆಂಟರ ಮನೆಯದು. ನಿಮ್ಮದನ್ನು ಅವರಿಗೆ ಕೊಡಿ. ವರ್ಷಕ್ಕೊಮ್ಮೆ ಹೀಗೆ ಹುಂಜ ಬದಲಾಯಿಸಿಕೊಂಡರೆ ದುಡ್ಡು ಖರ್ಚಿಲ್ಲದೆ ರಕ್ತ ಬದಲಾಗುತ್ತದೆ. ಮೈತೂಕ ಬೇಗ ಸುಧಾರಿಸುವ ಗುಣ, ಎರಡು ಮೂರು ಪೀಳಿಗೆಯಲ್ಲಿ ಕಾಣುತ್ತದೆ. ಮೊಟ್ಟೆಯ ಸಂಖ್ಯೆ ನಿಧಾನ. ಅದಕ್ಕೆ ತಾಳ್ಮೆ ಬೇಕು. ಹೊಸ ಹುಂಜ ಬಿಟ್ಟ ಮೇಲೆ ಎರಡು ಮೂರು ವಾರ ಕಾಯ್ದು ಮೊಟ್ಟೆ ಸೇರಿಸಿ. ಹಿಂದಿನ ಹುಂಜದ ವೀರ್ಯ ಹೇಂಟೆಯ ದೇಹದಲ್ಲಿ ಅಷ್ಟು ದಿನ ಉಳಿದಿರುತ್ತದೆ.

ಹೇಂಟೆಯ ಕೆಳಗೆ ಹತ್ತು ಹನ್ನೆರಡಕ್ಕಿಂತ ಹೆಚ್ಚು ಇಡಬೇಡಿ. ಕೊಳೆಯಾದ ಮೊಟ್ಟೆಯನ್ನು ತೊಳೆಯಬೇಡಿ, ಚಿಪ್ಪಿನ ಸಾವಿರಾರು ರಂಧ್ರಗಳ ಮೂಲಕ ಸೋಂಕು ಒಳಗೆ ಹೋಗುತ್ತದೆ; ಒಣ ಬಟ್ಟೆಯಿಂದ ಒರಸಿದರೆ ಸಾಕು, ಹೆಚ್ಚು ಕೊಳೆಯಾದುದನ್ನು ಬಿಟ್ಟೇಬಿಡಿ. ಏಳನೆಯ ರಾತ್ರಿ ಒಂದು ರಟ್ಟಿನಲ್ಲಿ ತೂತು ಮಾಡಿ, ಹಿಂದಿನಿಂದ ಟಾರ್ಚು ಬಿಟ್ಟು ಮೊಟ್ಟೆಗಳನ್ನು ನೋಡಿ. ಜೇಡದಂತೆ ಕೆಂಪು ನರಗಳು ಕಂಡರೆ ಜೀವವಿದೆ. ತಿಳಿಯಾಗಿದ್ದರೆ ಫಲವಾಗಿಲ್ಲ, ತೆಗೆದುಹಾಕಿ.

ತಾಯಿಕೋಳಿಗೆ ಕೊಕ್ಕರೆ ರೋಗದ ಲಸಿಕೆ ಆಗಿದ್ದರೆ ಆ ರಕ್ಷಣೆಯ ಒಂದು ಪಾಲು ಹಳದಿ ಭಾಗದ ಮೂಲಕ ಮರಿಗೂ ಬರುತ್ತದೆ. ಕೆಲವು ದಿನಗಳಷ್ಟೇ. ಆದ್ದರಿಂದ ಮರಿಗೆ ಐದರಿಂದ ಏಳನೆಯ ದಿನದೊಳಗೆ ಕಣ್ಣಿಗೆ ಹನಿ ಲಸಿಕೆ, ಆರರಿಂದ ಎಂಟು ವಾರದೊಳಗೆ ರೆಕ್ಕೆಯ ಚುಚ್ಚುಮದ್ದು ತಪ್ಪಿಸಬಾರದು. ಬಿಳಿ ಭೇದಿಯಂಥ ರೋಗವೂ ಇದೇ ಹಾದಿಯಲ್ಲಿ ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ; ಮರಿಗಳು ಮೊದಲ ವಾರದಲ್ಲಿ ಸಾಲಾಗಿ ಸತ್ತ ಹೇಂಟೆಯ ಮೊಟ್ಟೆಯನ್ನು ಪುನಃ ಕಾವಿಗೆ ಇಡಬೇಡಿ.

ಸಂಜೆ ಹೊರಡುವಾಗ ಆ ತಾಯಿ, ಐದು ನಾಟಿ ಹೇಂಟೆಗಳು ಒಂದೇ ಬುಟ್ಟಿಯಲ್ಲಿ ಮೊಟ್ಟೆಯಿಟ್ಟರೆ ಯಾವುದು ಯಾರದೆಂದು ತಿಳಿಯುವುದು ಹೇಗೆ ಎಂದು ಕೇಳಿದರು. ಉತ್ತರ ಕೊಟ್ಟವರು ಕಂಬದ ಹಿರಿಯರು. "ಒಂದು ಹೇಂಟೆ ಇಡೋ ಮೊಟ್ಟೆಗಳ ಬಣ್ಣ, ಆಕಾರ ಎಲ್ಲಾ ಒಂದೇ ಥರ ಇರ್ತಾವಮ್ಮ. ಒಂದು ವಾರ ಬೆಳಿಗ್ಗೆ ಗೂಡು ಬಿಡೋ ಮುಂಚೆ ಒಂದೊಂದನ್ನ ಬೇರೆ ಬೇರೆ ಮಂಕರಿ ಕೆಳಗೆ ಕವುಚಿ ನೋಡು, ಕಣ್ಣಿಗೆ ಗುರುತು ಸಿಗ್ತದೆ" ಎಂದರು. ಸಿಕ್ಕ ಗುರುತನ್ನು ಇದ್ದಿಲಿನಿಂದ ಚಿಪ್ಪಿನ ಮೇಲೆ ಹಾಕಿ, ಇಟ್ಟ ದಿನವನ್ನೂ ಬರೆದಿಡಿ ಎಂದಷ್ಟೇ ನಾನು ಸೇರಿಸಿದೆ. ಶಾಯಿಯ ಪೆನ್ನು ಬೇಡ, ಚಿಪ್ಪು ಅದನ್ನು ಹೀರುತ್ತದೆ.